ಬಾಕಿಯ ಪಟ್ಟಿ ಮೊದಲು ಓದಿ, ಕಂದಾಯದ ದರ ಆಮೇಲೆ ಹೇಳಿ: ನಗರಸಭೆಗೊಂದು ಬಹಿರಂಗ ಪತ್ರ

ಆಡಳಿತಾಧಿಕಾರಿಗಳು ಹಾಗೂ ಪೌರಾಯುಕ್ತರು,
ನಮ್ಮ ಊರಿನ ನಗರಸಭೆ, ಇವರಿಗೆ

ವಿಷಯ: ಮುಂದಿನ ಸಾಲಿನ ಆಯವ್ಯಯದ ಪೂರ್ವಭಾವಿ ಸಭೆ ಮತ್ತು ಆಸ್ತಿ ತೆರಿಗೆ ಪರಿಷ್ಕರಣೆಯ ಕುರಿತು.

ಮಾನ್ಯರೇ,

ಕಳೆದ ಮಂಗಳವಾರ ನಗರಸಭೆಯ ಸಭಾಂಗಣದಲ್ಲಿ ತಾವು ಕರೆದಿದ್ದ ಬಜೆಟ್ ಪೂರ್ವಭಾವಿ ಸಭೆಗೆ ನಾನೂ ಬಂದಿದ್ದೆ. ಹನ್ನೊಂದು ಗಂಟೆಗೆಂದು ಕರೆದಿದ್ದ ಸಭೆ ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಶುರುವಾಯಿತು ಎಂಬುದನ್ನು ದೂರಿನ ಧಾಟಿಯಲ್ಲಿ ಹೇಳುತ್ತಿಲ್ಲ. ನಮ್ಮ ಊರಿನ ಸಭೆಗಳ ಮಟ್ಟಿಗೆ ಅದು ಬೇಗವೇ ಆಯಿತು. ಸುಮಾರು ಒಂದೂವರೆ ಗಂಟೆ ಜನ ಮಾತಾಡಿದರು. ಚರಂಡಿ, ಬೀದಿನಾಯಿ, ಸ್ಮಶಾನದ ದಾರಿ, ಬಸ್ ನಿಲ್ದಾಣದ ಶೌಚಾಲಯ, ಎರಡು ದಿನಕ್ಕೊಮ್ಮೆ ಬರುವ ನಲ್ಲಿ ನೀರು, ಎಲ್ಲವೂ ಬಂದವು. ವೇದಿಕೆಯ ಪಕ್ಕದಲ್ಲಿ ಕುಳಿತ ಸಿಬ್ಬಂದಿಯೊಬ್ಬರು ಅವನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಕೊನೆಯಲ್ಲಿ ಉಪ್ಪಿಟ್ಟು, ಕೇಸರಿಬಾತಿನ ತಟ್ಟೆಗಳು ಸಾಲಿನಿಂದ ಸಾಲಿಗೆ ಕೈ ದಾಟುತ್ತಿದ್ದ ಹೊತ್ತಿನಲ್ಲಿ ವೇದಿಕೆಯಿಂದ ಒಂದು ವಾಕ್ಯ ಕೇಳಿಬಂತು: ಸಂಪನ್ಮೂಲದ ಕೊರತೆ ಇರುವುದರಿಂದ ಈ ಬಾರಿ ಮನೆ ಕಂದಾಯದ ಪರಿಷ್ಕರಣೆ ಅನಿವಾರ್ಯ. ಅರ್ಧದಷ್ಟು ಜನಕ್ಕೆ ಅದು ಕೇಳಿಸಲೇ ಇಲ್ಲ. ಸಭೆಯ ನಡಾವಳಿಯಲ್ಲಿ ಮಾತ್ರ ಅದು 'ಸಾರ್ವಜನಿಕರ ಗಮನಕ್ಕೆ ತರಲಾಯಿತು' ಎಂದು ದಾಖಲಾಗುತ್ತದೆ.

ನಾನು ಸಹಕಾರ ಸಂಘವೊಂದರಲ್ಲಿ ಮೂವತ್ತೊಂದು ವರ್ಷ ಲೆಕ್ಕ ಬರೆದು ನಿವೃತ್ತನಾದವನು. ಕಂದಾಯ ಏರಿಸಬಾರದು ಎಂದು ಹೇಳಲು ಈ ಪತ್ರ ಬರೆಯುತ್ತಿಲ್ಲ. ನಮ್ಮ ಊರಿನಂಥ ಊರುಗಳಲ್ಲಿ ಮನೆ ಕಂದಾಯ ಕಡಿಮೆಯೇ ಇದೆ. ಹಲವು ಮನೆಗಳ ವರ್ಷದ ಕಂದಾಯ ಆ ಮನೆಯವರ ಎರಡು ತಿಂಗಳ ಮೊಬೈಲ್ ಮತ್ತು ಕೇಬಲ್ ಬಿಲ್ಲಿಗೂ ಸಮ ಬರುವುದಿಲ್ಲ. ಏರಿಸಿದರೆ ನಾನು ಕಟ್ಟುತ್ತೇನೆ. ಆದರೆ ಏರಿಸುವ ಮಾತು ಎತ್ತುವ ಮೊದಲು ಈಗಿರುವ ದರದಲ್ಲಿ ಎಷ್ಟು ಬರಬೇಕಿತ್ತು, ಎಷ್ಟು ಬಂತು, ಎಷ್ಟು ನಿಂತಿದೆ, ಯಾರಲ್ಲಿ ನಿಂತಿದೆ ಎಂಬ ಪಟ್ಟಿಯನ್ನು ಜನರ ಮುಂದಿಡಬೇಕು. ಕಂದಾಯ ಶಾಖೆಯ ಭಾಷೆಯಲ್ಲಿ ಹೇಳುವುದಾದರೆ ಬೇಡಿಕೆ, ವಸೂಲಾತಿ, ಬಾಕಿಯ ತಖ್ತೆ. ತಮ್ಮ ಕಚೇರಿಯಲ್ಲಿ ಎಲ್ಲರೂ ಅದನ್ನು ಡಿಸಿಬಿ ಎನ್ನುತ್ತಾರೆ. ಆ ಒಂದು ತಖ್ತೆ ಮಂಗಳವಾರದ ಸಭೆಯಲ್ಲಿ ಇರಲಿಲ್ಲ. ಅದಿಲ್ಲದೆ ನಡೆದದ್ದನ್ನು ಅಹವಾಲು ಸ್ವೀಕಾರ ಎಂದು ಕರೆಯಬಹುದು, ಆಯವ್ಯಯದ ಸಭೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಅಂದಿನ ಸಭೆಯಲ್ಲಿ ಈ ವಿಷಯವನ್ನು ಮುಟ್ಟಿದವರು ಒಬ್ಬರೇ. ಹಳೇ ಸಂತೆಬೀದಿಯ ಕಡೆಯಿಂದ ಬಂದಿದ್ದ, ಹೂ ಕಟ್ಟಿ ಮಾರುವ ಹೆಂಗಸು. ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ನಾಲ್ಕು ವರ್ಷದ ರಸೀದಿಗಳನ್ನು ಮಡಿಸಿಟ್ಟುಕೊಂಡು ಬಂದಿದ್ದರು. ಮೈಕು ಕೈಗೆ ಬಂದಾಗ ಅವರು ಕೇಳಿದ್ದು ಇಷ್ಟು: "ಸ್ವಾಮಿ, ನಾನು ವರ್ಷಾ ವರ್ಷಾ ಏಪ್ರಿಲ್‌ನಾಗೇ ಕಟ್ಟೀನಿ. ನಮ್ ಬೀದೀಲಿ ಲೈಟಿಲ್ಲ. ಕಟ್ಟದೇ ಇರೋರ ಕಾಂಪ್ಲೆಕ್ಸ್ ಮುಂದೆ ಹೈಮಾಸ್ಟ್ ಉರೀತೈತೆ. ಈಗ ಜಾಸ್ತಿ ಮಾಡಿದ್ರೆ ಜಾಸ್ತಿ ಕಟ್ಟೋರು ನಾವೋ, ಅವ್ರೋ?" ಸಭೆಯಲ್ಲಿ ನಗು ಎದ್ದಿತು. ಉತ್ತರವಾಗಿ ಬೀದಿದೀಪದ ವಿಷಯವನ್ನು ಪರಿಶೀಲಿಸುವ ಭರವಸೆ ಬಂತು. ಅವರು ಕೇಳಿದ್ದು ಬೀದಿದೀಪದ ಪ್ರಶ್ನೆಯಾಗಿರಲಿಲ್ಲ.

ಅವರ ರಸೀದಿಯನ್ನೇ ತೆಗೆದುಕೊಂಡು ಯೋಚಿಸೋಣ. ಲೆಕ್ಕಕ್ಕೆ ಸುಲಭವಾಗಲೆಂದು ಆಸ್ತಿ ತೆರಿಗೆ 1,000 ರೂಪಾಯಿ ಎಂದಿಟ್ಟುಕೊಂಡರೆ ಅದರ ಮೇಲೆ ಆರೋಗ್ಯ ಕರ ಶೇ 15, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3 ಸೇರುತ್ತವೆ. ಅಂದರೆ 150, 60 ಮತ್ತು 30 ರೂಪಾಯಿ, ಒಟ್ಟು 240. ಘನತ್ಯಾಜ್ಯದ ಶುಲ್ಕ ಬೇರೆ, ನೀರಿನ ಶುಲ್ಕ ಬೇರೆ. ಏಪ್ರಿಲ್ ತಿಂಗಳೊಳಗೆ ಕಟ್ಟಿದರೆ ಶೇ 5ರ ರಿಯಾಯಿತಿ, ಮೇ ಮತ್ತು ಜೂನ್‌ನಲ್ಲಿ ರಿಯಾಯಿತಿಯೂ ಇಲ್ಲ ದಂಡವೂ ಇಲ್ಲ, ಜುಲೈಯಿಂದ ತಿಂಗಳಿಗೆ ಶೇ 2ರ ದಂಡ. ತಿಂಗಳಿಗೆ ಶೇ 2 ಎಂದರೆ ವರ್ಷಕ್ಕೆ ಶೇ 24. ಹತ್ತು ವರ್ಷದಿಂದ ನಿಂತ ಬಾಕಿಯೊಂದಿದ್ದರೆ ಅದರ ಅಸಲಿಗಿಂತ ದಂಡವೇ ಎರಡು ಪಟ್ಟು ಮೀರಿರಬೇಕು. ಇಷ್ಟು ಕಠಿಣವಾದ ದಂಡ ಪುಸ್ತಕದಲ್ಲಿರುವ ಊರಿನಲ್ಲಿ ಬಾಕಿ ಉಳಿಸಿಕೊಂಡವರು ನೆಮ್ಮದಿಯಾಗಿರುವುದು ಹೇಗೆ ಎಂಬುದೇ ಆ ಹೂವಿನವರ ಪ್ರಶ್ನೆ. ದಂಡ ಬೀಳುತ್ತಿರುವುದು ಜೂನ್ ದಾಟಿ ಒಂದು ತಿಂಗಳು ತಡಮಾಡಿದ ಸಣ್ಣವರ ಮೇಲೆ ಮಾತ್ರವೇ, ಅಥವಾ ವರ್ಷಗಟ್ಟಲೆ ತಡಮಾಡಿದ ದೊಡ್ಡವರ ಮೇಲೂ ಬೀಳುತ್ತಿದೆಯೇ? ವಾರ್ಡುವಾರು ಡಿಸಿಬಿ ಒಂದು ಹಾಳೆಯಲ್ಲಿ ಬಂದರೆ ಇದಕ್ಕೆ ಉತ್ತರ ತಾನಾಗಿಯೇ ಸಿಗುತ್ತದೆ.

ರಸೀದಿಯ ಆ 240 ರೂಪಾಯಿಯ ಬಗ್ಗೆಯೂ ಒಂದು ಮಾತು. ಗ್ರಂಥಾಲಯ ಕರ ಮತ್ತು ಭಿಕ್ಷುಕರ ಕರ ನಗರಸಭೆಯ ಸ್ವಂತ ಹಣವಲ್ಲ; ಒಂದು 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯ ಪ್ರಕಾರ ಗ್ರಂಥಾಲಯಕ್ಕೆ, ಇನ್ನೊಂದು 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯ ಪ್ರಕಾರ ನಿರಾಶ್ರಿತರ ಪರಿಹಾರಕ್ಕೆ ಸೇರಬೇಕಾದವು. ನಗರಸಭೆ ಅವನ್ನು ವಸೂಲು ಮಾಡಿ ದಾಟಿಸುವ ಕೈ ಅಷ್ಟೇ. ನಮ್ಮ ಊರಿನ ಶಾಖಾ ಗ್ರಂಥಾಲಯದಲ್ಲಿ ಬೆಳಿಗ್ಗೆ ಪತ್ರಿಕೆ ಓದಲು ಹೋಗುವ ನನ್ನಂಥ ನಿವೃತ್ತರಿಗೆ, ಜನರಿಂದ ಪಡೆದ ಗ್ರಂಥಾಲಯ ಕರದಲ್ಲಿ ಎಷ್ಟು ದಾಟಿಸಲಾಗಿದೆ, ಎಷ್ಟು ಇಲ್ಲೇ ಉಳಿದಿದೆ ಎಂದು ತಿಳಿಯುವ ಕುತೂಹಲವಿದೆ. ಅಲ್ಲಿಯ ಫ್ಯಾನು ತಿರುಗುವುದನ್ನು ನಿಲ್ಲಿಸಿ ಬಹಳ ದಿನವಾಯಿತು ಎಂಬುದು ಕುತೂಹಲಕ್ಕೆ ಇನ್ನೊಂದು ಕಾರಣ.

ಈಗ 'ಸಂಪನ್ಮೂಲದ ಕೊರತೆ' ಎಂಬ ಮಾತಿಗೆ ಬರುತ್ತೇನೆ. ಪ್ರತಿವರ್ಷ ಮಾರ್ಚ್ ಹೊತ್ತಿಗೆ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ರಾಜ್ಯದ ಒಂದಲ್ಲ ಒಂದು ನಗರಸಭೆ, ಪುರಸಭೆ 'ಉಳಿತಾಯ ಬಜೆಟ್' ಮಂಡಿಸಿದ ಸುದ್ದಿ ಇರುತ್ತದೆ. ನಮ್ಮದೂ ಅದೇ ಸಾಲಿನದು. ಉಳಿತಾಯ ಬಜೆಟ್ ಮಂಡಿಸುವ ಸಂಸ್ಥೆಗೆ ಕೊರತೆ ಎಲ್ಲಿಂದ ಬಂತು ಎಂದು ಸಾಮಾನ್ಯ ಓದುಗ ಕೇಳಿದರೆ ತಪ್ಪಿಲ್ಲ. ಲೆಕ್ಕ ಬರೆದವರಿಗೆ ಈ ಚಮತ್ಕಾರ ಗೊತ್ತು. ಪ್ರಾರಂಭಿಕ ಶಿಲ್ಕು, ಅಂದರೆ ವರ್ಷದ ಆರಂಭದಲ್ಲಿ ಕೈಯಲ್ಲಿರುವ ಹಣ, ಎಂದು ತೋರಿಸುವ ಮೊತ್ತದಲ್ಲಿ ಬಹುಪಾಲು, ಬೇರೆ ಬೇರೆ ಯೋಜನೆಗಳಿಗೆಂದು ಬಂದು ಖರ್ಚಾಗದೆ ಬ್ಯಾಂಕಿನಲ್ಲಿ ಕುಳಿತ ಅನುದಾನ ಇರುತ್ತದೆ. ಅದನ್ನು ಚರಂಡಿ ರಿಪೇರಿಗೆ ಮುಟ್ಟುವಂತಿಲ್ಲ. ಆದಾಯದ ಬದಿಯಲ್ಲಿ ಆಸ್ತಿ ತೆರಿಗೆಯ ಇಡೀ ಬೇಡಿಕೆಯನ್ನು, ಕೆಲವೊಮ್ಮೆ ಹಳೆಯ ಬಾಕಿಯನ್ನೂ ಸೇರಿಸಿ, ಬಂದೇ ಬಿಡುತ್ತದೆ ಎಂಬಂತೆ ಬರೆಯಲಾಗುತ್ತದೆ. ಖರ್ಚಿನ ಬದಿಯಲ್ಲಿ ಅದಕ್ಕೆ ತಕ್ಕಂತೆ ರಸ್ತೆ, ಪಾರ್ಕು, ಸ್ವಾಗತ ಕಮಾನುಗಳು ಏಳುತ್ತವೆ. ವರ್ಷದ ಕೊನೆಗೆ ಉಳಿಯುವ ಅಖೈರು ಶಿಲ್ಕಿನಲ್ಲಿ ಒಂದಿಷ್ಟು ಲಕ್ಷ ಕಂಡು ಸಭೆ ಚಪ್ಪಾಳೆ ತಟ್ಟುತ್ತದೆ. ವರ್ಷದ ಕೊನೆಯಲ್ಲಿ ಪರಿಷ್ಕೃತ ಅಂದಾಜಿನ ಕಾಲಂನಲ್ಲಿ ಆ ಆದಾಯ ಸದ್ದಿಲ್ಲದೆ ಇಳಿದಿರುತ್ತದೆ, ಕಮಾನು ಮಾತ್ರ ನಿಂತಿರುತ್ತದೆ.

ಆಯವ್ಯಯ ಪುಸ್ತಿಕೆಯ ಒಂದೊಂದು ಸಾಲಿನ ಎದುರು ಹಿಂದಿನ ವರ್ಷದ ವಾಸ್ತವ, ಪ್ರಸಕ್ತ ವರ್ಷದ ಅಂದಾಜು, ಪರಿಷ್ಕೃತ ಅಂದಾಜು, ಮುಂದಿನ ವರ್ಷದ ಅಂದಾಜು ಎಂಬ ಕಾಲಂಗಳಿರುತ್ತವೆ. ಜನ ನೋಡಬೇಕಾದದ್ದು ಮೊದಲ ಕಾಲಂ. ಸಭೆಯಲ್ಲಿ ಓದುವುದು ಕೊನೆಯ ಕಾಲಂ. ನಾಲ್ಕೂ ಕಾಲಂ ಇರುವ ಹಾಳೆಯನ್ನು ಏಳು ದಿನ ಮುಂಚೆ ಸೂಚನಾ ಫಲಕಕ್ಕೆ ಅಂಟಿಸಿದ್ದರೆ ಅಂದಿನ ಒಂದೂವರೆ ಗಂಟೆ ಬೇರೆಯೇ ರೀತಿಯಲ್ಲಿ ಕಳೆಯುತ್ತಿತ್ತು. 2006ರ ಪೌರಸಭೆಗಳ ಲೆಕ್ಕಪತ್ರ ಮತ್ತು ಆಯವ್ಯಯ ನಿಯಮಗಳು ಬಂದ ಮೇಲೆ ನಮ್ಮ ನಗರಸಭೆಗಳಲ್ಲಿ ಜೋಡಿ ನಮೂದಿನ ಲೆಕ್ಕಪದ್ಧತಿಯೂ ಇದೆ, ಗಣಕೀಕೃತ ಲೆಕ್ಕವೂ ಇದೆ. ಅಂಕಿಗಳು ಸಿದ್ಧವಿಲ್ಲ ಎಂಬ ಸಬೂಬು ನಿಲ್ಲುವುದಿಲ್ಲ. ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ಪ್ರಕಾರ ಆಯವ್ಯಯದ ವಿವರವನ್ನು ಯಾರೂ ಅರ್ಜಿ ಹಾಕದೆಯೇ ಪ್ರಕಟಿಸುವುದು ತಮ್ಮ ಕರ್ತವ್ಯವೂ ಹೌದು.

ಇಲ್ಲಿ ನನ್ನ ಹಳೆಯ ವೃತ್ತಿಯ ಒಂದು ನೆನಪು. ಸಹಕಾರ ಸಂಘಗಳಲ್ಲಿ ಪ್ರತಿವರ್ಷ ಸೆಪ್ಟೆಂಬರ್ 25ರೊಳಗೆ ಸರ್ವಸದಸ್ಯರ ಸಭೆ ನಡೆಯಬೇಕು. ಸಭೆಗೆ ಮುಂಚೆ ಜಮಾ-ಖರ್ಚು, ಆಸ್ತಿ-ಜವಾಬ್ದಾರಿ ತಖ್ತೆ, ಲೆಕ್ಕಪರಿಶೋಧನೆಯ ವರದಿ ಅಚ್ಚಾಗಿ ಸದಸ್ಯರ ಮನೆ ಸೇರಬೇಕಿತ್ತು. ನಾನು ಆ ಪುಸ್ತಿಕೆಗಳ ಮೇಲೆ ವಿಳಾಸದ ಚೀಟಿ ಅಂಟಿಸಿ ಅಂಟಿಸಿ ಬೆರಳಿನ ತುದಿ ಗಟ್ಟಿಯಾದವನು. ಓದು ಬಾರದ ಸದಸ್ಯರೂ ಮಕ್ಕಳಿಂದ ಓದಿಸಿಕೊಂಡು ಬಂದು, ಸುಸ್ತಿ ಸಾಲದ ಪುಟವನ್ನು ಬೆರಳಲ್ಲಿ ಹಿಡಿದು, ಇಂಥವನ ಸಾಲ ಯಾಕೆ ವಸೂಲಾಗಿಲ್ಲ ಎಂದು ಆಡಳಿತ ಮಂಡಳಿಯ ಬೆವರಿಳಿಸುತ್ತಿದ್ದರು. ನಮ್ಮ ಪಕ್ಕದ ಗ್ರಾಮ ಪಂಚಾಯಿತಿಗಳಲ್ಲಿ ವರ್ಷಕ್ಕೊಮ್ಮೆ ಜಮಾಬಂದಿ ನಡೆಯುತ್ತದೆ. ಜನರೆದುರು ಲೆಕ್ಕ ಓದಬೇಕು, ಕಾಮಗಾರಿ ತೋರಿಸಬೇಕು. ರಿಂಗ್ ರೋಡಿನ ಆಚೆಯ ಹಳ್ಳಿಯವನಿಗೆ ಇರುವ ಈ ಅವಕಾಶ, ಈಚೆಯ ನಗರವಾಸಿಗೆ ಇಲ್ಲ. ಸಂವಿಧಾನದ 243ಎಸ್ ವಿಧಿ ವಾರ್ಡ್ ಸಮಿತಿಗಳನ್ನು ಕಡ್ಡಾಯ ಮಾಡಿರುವುದೂ ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಿಗೆ. ಗ್ರಾಮಸಭೆಯನ್ನು ದಾಟಿ ಬಂದು, ವಾರ್ಡ್ ಸಮಿತಿಯನ್ನು ಇನ್ನೂ ಮುಟ್ಟದ ನಮ್ಮಂಥ ಊರಿಗೆ ವರ್ಷಕ್ಕೊಮ್ಮೆ ನಡೆಯುವ ಈ ಪೂರ್ವಭಾವಿ ಸಭೆ ಬಿಟ್ಟರೆ ಲೆಕ್ಕ ಕೇಳಲು ಬೇರೆ ಜಾಗವಿಲ್ಲ.

ಚುನಾಯಿತ ಸದಸ್ಯರಾದರೂ ಕೇಳುತ್ತಾರೆ ಎಂದುಕೊಳ್ಳುವಂತೆಯೂ ಇಲ್ಲ. ರಾಜ್ಯದ ಬಹುಪಾಲು ನಗರ ಸ್ಥಳೀಯ ಸಂಸ್ಥೆಗಳಿಗೆ 2018ರಲ್ಲಿ ಚುನಾವಣೆ ನಡೆದರೂ ಅಧ್ಯಕ್ಷ ಸ್ಥಾನದ ಮೀಸಲಾತಿಯ ವ್ಯಾಜ್ಯದಿಂದಾಗಿ ಅಧ್ಯಕ್ಷರು ಕುರ್ಚಿಯಲ್ಲಿ ಕುಳಿತದ್ದು 2020ರ ಕೊನೆಯಲ್ಲಿ. ಅವರ ಮೊದಲ ಮೂವತ್ತು ತಿಂಗಳು 2023ರಲ್ಲಿ ಮುಗಿದ ಮೇಲೆ ಎರಡನೆಯ ಅವಧಿಯ ಮೀಸಲಾತಿ ಪ್ರಕಟವಾಗಲು 2024ರ ಆಗಸ್ಟ್ ಬರಬೇಕಾಯಿತು. ಈಗ ಆ ಅವಧಿಯೂ ಮುಗಿದು ಮತ್ತೆ ಆಡಳಿತಾಧಿಕಾರಿಗಳ ಕಾಲ. ತಮ್ಮ ಮೇಲೆ ನನಗೆ ಯಾವ ಅಸಮಾಧಾನವೂ ಇಲ್ಲ. ತಾವು ಬಂದ ಮೇಲೆ ಕಸದ ಗಾಡಿ ನಮ್ಮ ಬೀದಿಗೆ ಏಳೂವರೆಗೆ ಸರಿಯಾಗಿ ಬರುತ್ತಿದೆ. ಆದರೂ ಓಟು ಕೇಳಲು ಯಾರೂ ಬಾರದ ಹೊತ್ತಿನಲ್ಲಿ ತೆರಿಗೆ ಏರಿಸುವ ತೀರ್ಮಾನ ಒಂದು ಸಹಿಯಲ್ಲಿ ಮುಗಿದುಹೋಗುವುದರಿಂದ, ಸಾರ್ವಜನಿಕ ಸಭೆಯ ತೂಕ ಎಂದಿಗಿಂತ ಈಗ ಹೆಚ್ಚು.

ಏರಿಕೆಯ ಒತ್ತಡ ಮೇಲಿನಿಂದಲೂ ಇದೆ ಎಂಬುದನ್ನು ನಾನು ಬಲ್ಲೆ. 2021-22ರಿಂದ 2025-26ರ ಅವಧಿಗೆ ಹದಿನೈದನೇ ಹಣಕಾಸು ಆಯೋಗ ನಗರಗಳ ಅನುದಾನಕ್ಕೆ ಎರಡು ಷರತ್ತು ಹಾಕಿತ್ತು. ಒಂದು, ಲೆಕ್ಕಪತ್ರಗಳನ್ನು ಸಾರ್ವಜನಿಕರಿಗೆ ಅಂತರ್ಜಾಲದಲ್ಲಿ ಸಿಗುವಂತೆ ಪ್ರಕಟಿಸಬೇಕು. ಇನ್ನೊಂದು, ಆಸ್ತಿ ತೆರಿಗೆಗೆ ಕನಿಷ್ಠ ದರ ಗೊತ್ತುಮಾಡಿ, ರಾಜ್ಯದ ಆಂತರಿಕ ಉತ್ಪನ್ನದ ಬೆಳವಣಿಗೆಗೆ ತಕ್ಕಂತೆ ವಸೂಲಿಯನ್ನೂ ಬೆಳೆಸಬೇಕು. ಮಂಗಳವಾರದ ವೇದಿಕೆಯಿಂದ ಎರಡನೆಯ ಷರತ್ತಿನ ಪ್ರಸ್ತಾಪವಷ್ಟೇ ಬಂತು. ಅದರಲ್ಲಿಯೂ ಆಯೋಗ ಬೆಳೆಯಬೇಕೆಂದದ್ದು ವಸೂಲಿ. ದರ ಏರಿಸದೆಯೂ ವಸೂಲಿ ಏರುತ್ತದೆ, ಬಾಕಿದಾರರ ಮನೆ ಬಾಗಿಲು ತಟ್ಟಿದರೆ.

ತೆರಿಗೆಯ ಬುನಾದಿಯಾದ ಮಾರ್ಗಸೂಚಿ ಬೆಲೆಯೂ, ಅಂದರೆ ಆಸ್ತಿಯ ನೋಂದಣಿಗೆಂದು ಸರ್ಕಾರ ಗೊತ್ತುಮಾಡುವ ಕನಿಷ್ಠ ಬೆಲೆಯೂ, ಸುಮ್ಮನೆ ಕೂತಿಲ್ಲ. 2023ರ ಅಕ್ಟೋಬರ್ 1ರಿಂದ ರಾಜ್ಯದಾದ್ಯಂತ ಅದು ಪರಿಷ್ಕರಣೆಯಾಯಿತು. ಸರಾಸರಿ ಶೇ 30ರಷ್ಟು ಏರಿತೆಂದು ಆಗ ಸರ್ಕಾರವೇ ಹೇಳಿತ್ತು. ನಮ್ಮಲ್ಲಿ ಆಸ್ತಿ ತೆರಿಗೆ ನಿಂತಿರುವುದು ಬಂಡವಾಳ ಮೌಲ್ಯದ ಮೇಲೆ, ಆ ಮೌಲ್ಯ ನಿಂತಿರುವುದು ಮಾರ್ಗಸೂಚಿ ಬೆಲೆಯ ಮೇಲೆ. ಹೀಗಾಗಿ ದರವನ್ನು ಕೈಯಲ್ಲಿ ಮುಟ್ಟದಿದ್ದರೂ ಕಂದಾಯ ಏರುತ್ತದೆ. ಮುಖ್ಯರಸ್ತೆಯ ಪಕ್ಕ ಅಜ್ಜನ ಕಾಲದ ಹೆಂಚಿನ ಮನೆಯಲ್ಲಿ ಪಿಂಚಣಿಯ ಮೇಲೆ ಬದುಕುವ ದಂಪತಿಗೆ ಜಾಗದ ಬೆಲೆ ಏರಿದ್ದರಿಂದ ಕೈಗೆ ಬರುವ ಆದಾಯವೇನೂ ಏರಿಲ್ಲ. ಕಟ್ಟಡದ ವಯಸ್ಸಿಗೆ ಸವಕಳಿ ಕಳೆಯುವ ಅವಕಾಶವಿದೆ, ಆದರೆ ಜಾಗಕ್ಕೆ ಸವಕಳಿ ಎಲ್ಲಿಯದು? ಈ ತಾನಾಗಿ ಏರುವ ಭಾಗ ಎಷ್ಟು, ಅದರ ಮೇಲೆ ತಾವು ಈಗ ಸೇರಿಸಬೇಕೆಂದಿರುವ ಭಾಗ ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟದ ಕೆಲಸವಲ್ಲ. ಮೂವತ್ತು-ನಲವತ್ತು ಅಳತೆಯ ಒಂದು ಸಾಧಾರಣ ಮನೆಗೆ, ಒಂದು ಅಂಗಡಿಗೆ, ಒಂದು ಖಾಲಿ ನಿವೇಶನಕ್ಕೆ ಕಳೆದ ವರ್ಷ ಎಷ್ಟಿತ್ತು, ಮುಂದಿನ ವರ್ಷ ಎಷ್ಟಾಗುತ್ತದೆ ಎಂದು ಮೂರು ಸಾಲು ಬರೆದರೆ ಸಾಕು.

ಬಾಕಿಯ ಆಚೆಗೆ, ಪಟ್ಟಿಗೇ ಬಾರದ ಆಸ್ತಿಗಳೂ ಇವೆ. ಸ್ವಯಂ ಘೋಷಣೆಯ ಪದ್ಧತಿಯಲ್ಲಿ ಮಾಲೀಕರು ಬರೆದುಕೊಟ್ಟದ್ದೇ ಲೆಕ್ಕ. ಪರಿಶೀಲನೆ ಕಚೇರಿಯ ಕೆಲಸ. ನೆಲಮಾಳಿಗೆಯಲ್ಲಿ ಬಟ್ಟೆ ಅಂಗಡಿ, ಮೊದಲ ಮಹಡಿಯಲ್ಲಿ ಟ್ಯೂಷನ್ ಸೆಂಟರ್, ಎರಡನೆಯದರಲ್ಲಿ ಪಿ.ಜಿ. ನಡೆಯುವ ಕಟ್ಟಡ ದಾಖಲೆಯಲ್ಲಿ ಇಂದಿಗೂ ವಾಸದ ಮನೆ. ಇಂಥದ್ದನ್ನು ತೋರಿಸಲು ನಾನು ಯಾರ ಹೆಸರನ್ನೂ ಹೇಳಬೇಕಾಗಿಲ್ಲ, ಬಿಲ್ ಕಲೆಕ್ಟರರ ಜೊತೆ ಸಂಜೆ ಆರು ಗಂಟೆಗೆ ಯಾವ ಬಡಾವಣೆಯಲ್ಲಾದರೂ ಒಂದು ಸುತ್ತು ನಡೆದರೆ ಸಾಕು. 2025ರಲ್ಲಿ ಅನಧಿಕೃತ ಬಡಾವಣೆಗಳ ಆಸ್ತಿಗಳಿಗೂ ಬಿ ಖಾತೆ, ಅಂದರೆ ತೆರಿಗೆ ಪಡೆಯಲೆಂದು ಪ್ರತ್ಯೇಕ ವಹಿಯಲ್ಲಿ ಬರೆಯುವ ಖಾತೆ, ಕೊಡುವ ಅಭಿಯಾನ ನಡೆದು, ಮೊದಲ ಬಾರಿ ದುಪ್ಪಟ್ಟು ತೆರಿಗೆ ಪಡೆಯಲಾಯಿತು. ಇ-ಆಸ್ತಿ ತಂತ್ರಾಂಶದಲ್ಲಿ ಹೊಸದಾಗಿ ಸೇರಿದ ಈ ಆಸ್ತಿಗಳು ನಮ್ಮ ಊರಿನಲ್ಲಿ ಎಷ್ಟು, ಅವುಗಳಿಂದ ವರ್ಷದ ಬೇಡಿಕೆ ಎಷ್ಟು ಹೆಚ್ಚಿದೆ ಎಂಬುದು ಮುಂದಿನ ಸಾಲಿನ ಅಂದಾಜಿನಲ್ಲಿ ಪ್ರತ್ಯೇಕ ಸಾಲಾಗಿ ಕಾಣಬೇಕು. ಹೊಸಬರು ಸೇರಿ ಹೊರೆ ಹಂಚಿಕೊಂಡ ಮೇಲೆಯೂ ಹಳಬರಿಗೆ ಏರಿಕೆ ಬೇಕೇ ಎಂದು ಆಗ ಚರ್ಚಿಸಬಹುದು.

ಬೇರೆ ಊರುಗಳಲ್ಲಿ ಬಜೆಟ್ಟಿಗೆ ಜನರ ಅಭಿಪ್ರಾಯ ಕೇಳುವ ಪ್ರಯತ್ನಗಳು ನಡೆದಿವೆ. ಪುಣೆಯ ಮಹಾನಗರಪಾಲಿಕೆ 2006ರಿಂದ ನಾಗರಿಕರ ಸಲಹೆಗಳನ್ನು ವಾರ್ಡಿನ ಕಾಮಗಾರಿಗಳಿಗೆ ಪಡೆಯುತ್ತ ಬಂದಿದೆ, ಬೆಂಗಳೂರಿನಲ್ಲಿ 2015ರಿಂದ 'ಮೈ ಸಿಟಿ ಮೈ ಬಜೆಟ್' ಅಭಿಯಾನ ನಡೆದಿದೆ. ಇವು ಒಳ್ಳೆಯವೇ. ನಮ್ಮಲ್ಲಿಯೂ ಸಲಹಾ ಪೆಟ್ಟಿಗೆ ಇಡುವ ಮಾತು ಮಂಗಳವಾರ ಬಂತು. ಆದರೆ ಕೈಯಲ್ಲಿರುವ ದುಡ್ಡು ಎಷ್ಟೆಂದು ಹೇಳದೆ ಏನು ಬೇಕೆಂದು ಮಾತ್ರ ಕೇಳಿದರೆ, ಪೆಟ್ಟಿಗೆಯ ತುಂಬ ಬರುವುದು ದೇವರಿಗೆ ಬರೆದ ಹರಕೆಯ ಚೀಟಿಗಳು.

ಆದ್ದರಿಂದ ನನ್ನ ಕೋರಿಕೆ ಇದು. ಆಯವ್ಯಯಕ್ಕೆ ಅನುಮೋದನೆ ನೀಡುವ ಮೊದಲು ಇನ್ನೊಂದು ಸಭೆ ಕರೆಯಿರಿ. ಅದು ಭಾನುವಾರವಿರಲಿ, ಕೂಲಿಗೆ ಹೋಗುವವರೂ ಅಂಗಡಿಯಲ್ಲಿ ದುಡಿಯುವವರೂ ಬರುವಂತಾಗಲಿ. ಅದಕ್ಕೆ ಏಳು ದಿನ ಮುಂಚೆ ವಾರ್ಡುವಾರು ಬೇಡಿಕೆ, ವಸೂಲಾತಿ, ಬಾಕಿಯ ತಖ್ತೆಯನ್ನೂ, ಆಸ್ತಿ ತೆರಿಗೆಯಲ್ಲಿ ಅತಿ ಹೆಚ್ಚು ಬಾಕಿ ಇರುವ ನೂರು ಖಾತೆಗಳ ಪಟ್ಟಿಯನ್ನೂ ಕಚೇರಿಯ ಮುಂದಿನ ಫಲಕದಲ್ಲಿ ಹಾಕಿಸಿ. ನ್ಯಾಯಾಲಯದಲ್ಲಿರುವ ಪ್ರಕರಣಗಳಿದ್ದರೆ ಹಾಗೆಂದು ಪಕ್ಕದಲ್ಲಿ ಬರೆಯಿರಿ. ಕೇಂದ್ರ ಸರ್ಕಾರದ ಕಟ್ಟಡಗಳಿಗೆ ಸಂವಿಧಾನದ 285ನೇ ವಿಧಿಯಂತೆ ತೆರಿಗೆ ಇಲ್ಲ, ಸೇವಾ ಶುಲ್ಕ ಮಾತ್ರ ಉಂಟು. ಅದು ಬರುತ್ತಿದೆಯೇ ಎಂಬುದೂ ಒಂದು ಸಾಲಿನಲ್ಲಿರಲಿ. ನಗರಸಭೆಯ ವಾಣಿಜ್ಯ ಮಳಿಗೆಗಳ ಬಾಡಿಗೆ ಬಾಕಿಯ ಬಗ್ಗೆ ಊರಿನಲ್ಲಿ ನಾನಾ ಮಾತುಗಳಿವೆ. ಅವು ಸುಳ್ಳಾಗಿದ್ದರೆ ಸುಳ್ಳೆಂದು ತೋರಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ತಮಗೆ ಸಿಗಲಾರದು.

ಆ ಪಟ್ಟಿಯಲ್ಲಿ ನನ್ನ ಹೆಸರೇ ಇದ್ದರೆ ಅದನ್ನೂ ಹಾಕಿ. ಮಗಳ ಹೆಸರಿನಲ್ಲಿರುವ ಖಾಲಿ ನಿವೇಶನದ ಎರಡು ವರ್ಷದ ಕಂದಾಯ ಕಟ್ಟಲು ಮರೆತಿದ್ದೇನೆಂದು, ಈ ಪತ್ರ ಬರೆಯಲು ಹಳೆಯ ರಸೀದಿಗಳನ್ನು ಹುಡುಕುವಾಗ ನಿನ್ನೆಯಷ್ಟೇ ಗೊತ್ತಾಯಿತು. ಸೋಮವಾರ ಚಲನ್ ತೆಗೆಸಿ ದಂಡ ಸಮೇತ ಕಟ್ಟುತ್ತೇನೆ. ಸಭೆಯ ದಿನಾಂಕ ಗೊತ್ತಾದರೆ ಹಳೇ ಸಂತೆಬೀದಿಯ ಆ ಹೂವಿನವರಿಗೆ ನಾನೇ ಹೋಗಿ ತಿಳಿಸುತ್ತೇನೆ. ಅಂದು ಸಿಗದ ಉತ್ತರ ಕೇಳಲು ಅವರು ತಮ್ಮ ರಸೀದಿಗಳ ಕವರು ಹಿಡಿದು ಮತ್ತೆ ಬರುತ್ತಾರೆ ಎಂಬ ನಂಬಿಕೆ ನನಗಿದೆ.

ಇಂತಿ ತಮ್ಮ ವಿಶ್ವಾಸಿ,
ಹನ್ನೊಂದನೇ ವಾರ್ಡಿನ ಒಬ್ಬ ತೆರಿಗೆದಾರ